ರೊಟ್ಟಿಯ ಹಂಚಿನಿಂದ ಕೇಕಿನ ತಟ್ಟೆಗೆ

ಗೋಧಿ ಮುಟ್ಟುವಂತಿಲ್ಲ, ಹಾಲು ಬೆಣ್ಣೆ ಒಗ್ಗುವುದಿಲ್ಲ, ಆದರೂ ಹುಟ್ಟುಹಬ್ಬಕ್ಕೊಂದು ಕೇಕು, ಸಂಜೆಯ ಚಹಾದ ಜೊತೆ ನಾಲ್ಕು ಬಿಸ್ಕತ್ತು ಮನೆಯಲ್ಲೇ ಆಗಬೇಕು. ಇಂಥ ಬೇಡಿಕೆ ಈಗ ದೊಡ್ಡ ಶಹರಗಳನ್ನು ದಾಟಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಡುಗೆಮನೆಗಳಿಗೂ ಬಂದಿದೆ. ಅದರ ಬೆನ್ನಿಗೇ ಸಾಮಾನಿನ ಚೀಟಿಯೂ ಬರುತ್ತದೆ: ಬಾದಾಮಿ ಹಿಟ್ಟು, ಟಪಿಯೋಕಾ ಪಿಷ್ಟ, ಕ್ಸಾಂಥನ್ ಗೋಂದು, ಡಬ್ಬಿಯ ಓಟ್ಸ್ ಹಾಲು. ಗುತ್ತಲದ ಸಂತೆಗೆ ಚೀಲ ಹಿಡಿದು ಹೋದವರಿಗೆ ಇವು ಸಿಗುವ ಸಾಮಾನಲ್ಲ. ತರಿಸಿಕೊಳ್ಳುತ್ತೇನೆಂದರೆ ಬೆಲೆ ಕೈ ಸುಡುತ್ತದೆ. ಅದೇ ಸಂತೆಯಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ, ಶೇಂಗಾ, ಎಳ್ಳು, ಅಗಸಿ, ಉದ್ದು ಎಲ್ಲವೂ ಇವೆ. ಇವುಗಳಲ್ಲಿ ಗೋಧಿಯ ಅಂಟಾದ ಗ್ಲುಟೆನ್ನೂ ಇಲ್ಲ, ಹಾಲಿನ ಅಂಶವೂ ಇಲ್ಲ. ಈ ಧಾನ್ಯಗಳನ್ನು ಹೇಗೆ ಒಗ್ಗೂಡಿಸಬೇಕು, ಹೇಗೆ ಉಬ್ಬಿಸಬೇಕು, ಹೇಗೆ ಗರಿಗರಿಯಾಗಿ ಕಾಯಿಸಬೇಕು ಎಂಬುದೂ ಈ ಸೀಮೆಯ ಹೆಣ್ಣುಮಕ್ಕಳ ಕೈಗೆ ಗೊತ್ತು. ಆದ್ದರಿಂದ ಗ್ಲುಟೆನ್ ಇಲ್ಲದ, ಹಾಲಿಲ್ಲದ ಬೇಕಿಂಗನ್ನು ನಾವು ಪರದೇಶದ ಬ್ರೆಡ್ಡಿನ ನಕಲಾಗಿ ಕಲಿಯುವ ಬದಲು ರೊಟ್ಟಿ, ಇಡ್ಲಿ, ಉಂಡಿಗಳ ಮುಂದುವರಿಕೆಯಾಗಿ ಕಲಿಯಬೇಕು ಎಂಬುದು ನನ್ನ ವಾದ. ಹಾಗೆ ಕಲಿತರೆ ಖರ್ಚು ಕಡಿಮೆ, ಸೋಲು ಕಡಿಮೆ, ದೇಹಕ್ಕೆ ಲಾಭ ಹೆಚ್ಚು.

ಮೊದಲು ಇದು ಯಾರಿಗೆ ಬೇಕು ಎಂಬುದನ್ನು ಬಿಡಿಸಿಕೊಳ್ಳೋಣ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಕೆಲವರ ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಇದು ಸೀಲಿಯಾಕ್ ಕಾಯಿಲೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಖಚಿತಪಡಿಸಿದವರು ನೆದರ್‌ಲ್ಯಾಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಅವರಿಗೆ 1930ರ ದಶಕದಿಂದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ, ಯುದ್ಧದ ಕಾರಣಕ್ಕೆ ಆ ದೇಶದಲ್ಲಿ ಬ್ರೆಡ್ಡೇ ಸಿಗದಂತಾದಾಗ, ಊರೆಲ್ಲ ಹಸಿವಿನಿಂದ ಸೊರಗಿದರೂ ಈ ಕಾಯಿಲೆಯ ಮಕ್ಕಳ ಹೊಟ್ಟೆ ಸುಧಾರಿಸಿತು. ಬ್ರೆಡ್ಡು ಮರಳಿ ಬಂದ ಮೇಲೆ ಕಾಯಿಲೆಯೂ ಮರಳಿತು. 1950ರಲ್ಲಿ ಅವರು ಇದನ್ನು ತಮ್ಮ ಮಹಾಪ್ರಬಂಧದಲ್ಲಿ ಮಂಡಿಸಿದರು. ನಮ್ಮ ದೇಶದ ಮಟ್ಟಿಗೆ ಇದಕ್ಕಿಂತ ಕುತೂಹಲದ ಸಾಕ್ಷಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿದೆ. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದಾಗ ಉತ್ತರದಲ್ಲಿ ಸಾವಿರಕ್ಕೆ ಎಂಟಕ್ಕಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಕಂಡಿತು. ದಕ್ಷಿಣದ ಗುಂಪಿನಲ್ಲಿ ಸಾವಿರಕ್ಕೆ ಒಬ್ಬರೂ ಆಗಲಿಲ್ಲ. ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿಗಳು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಎದ್ದು ಕಾಣುವ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು ಸುಮಾರು 25 ಗ್ರಾಂ.

ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ನಮ್ಮಲ್ಲಿ ಈ ಕಾಯಿಲೆ ಅಪರೂಪ, ಹಾಗಾಗಿ ಇದೆಲ್ಲ ಶಹರದ ಶೋಕಿ ಎಂದು ಒಬ್ಬರು ಹೇಳಬಹುದು. ವಂಶವಾಹಿ ನಮ್ಮಲ್ಲೂ ಇದೆ, ಗೋಧಿ ಕಡಿಮೆ ಇತ್ತು ಅಷ್ಟೇ. ಈಗ ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಚಪಾತಿ, ಸಂಜೆ ಬೇಕರಿಯ ಪಫ್ಸು ಎಂದು ತಟ್ಟೆ ಬದಲಾಗುತ್ತಿರುವಾಗ ಮುಂದೆ ಏನಾದೀತು ಎಂದು ಇನ್ನೊಬ್ಬರು ಕೇಳಬಹುದು. ನನಗೆ ಎರಡನೆಯ ಓದು ಹೆಚ್ಚು ಸರಿ ಎನಿಸುತ್ತದೆ, ಆದರೆ ಅದನ್ನು ಹೆದರಿಕೆಯ ಮಾತಾಗಿ ಹೇಳಲಾರೆ. ಗೋಧಿ ಒಗ್ಗುವವರು ಗೋಧಿ ತಿನ್ನಲಿ. ನಮ್ಮ ಹೋಳಿಗೆ, ಮಾದಲಿ, ಗೋಧಿ ಹುಗ್ಗಿ, ಶ್ಯಾವಿಗೆ ಎಲ್ಲವೂ ಗೋಧಿಯವೇ, ಅವನ್ನು ಬಿಡಿ ಎಂದು ಯಾವ ವೈದ್ಯನೂ ಎಲ್ಲರಿಗೂ ಹೇಳುವುದಿಲ್ಲ. ಅವು ಹಬ್ಬದ ಅಡುಗೆಗಳು, ದಿನದ ಊಟ ರೊಟ್ಟಿ ಎಂಬ ಹಳೆಯ ಏರ್ಪಾಟಿನಲ್ಲಿ ಒಂದು ಲೆಕ್ಕವಿತ್ತು, ಅಷ್ಟನ್ನು ನೆನಪಿಟ್ಟರೆ ಸಾಕು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಹೊಟ್ಟೆ ಉಬ್ಬರವೆಂದು ಯಾರದೋ ಮಾತು ಕೇಳಿ ಗೋಧಿ ಬಿಟ್ಟು, ಆಮೇಲೆ ತಪಾಸಣೆಗೆ ಹೋಗಬಾರದು. ಗೋಧಿ ಬಿಟ್ಟವರ ರಕ್ತದಲ್ಲಿ ಸೀಲಿಯಾಕಿನ ಗುರುತು ಮಸುಕಾಗುತ್ತದೆ, ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಹಾಲಿನ ಕತೆ ಬೇರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಎಳೆತನ ಕಳೆದ ಮೇಲೆ ಜಗತ್ತಿನ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ತಗ್ಗುತ್ತದೆ. ಭಾರತದಲ್ಲಿ ಈ ಶಕ್ತಿಯನ್ನು ದೊಡ್ಡವರಾದ ಮೇಲೂ ಉಳಿಸುವ ವಂಶವಾಹಿಯ ಮಾರ್ಪಾಡು ವಾಯುವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬರುತ್ತ ಕಡಿಮೆ. ಲ್ಯಾಕ್ಟೋಸ್ ಅರಗದವರಿಗೆ ಮೊಸರು, ಮಜ್ಜಿಗೆ ಸಾಕಷ್ಟು ಒಗ್ಗುತ್ತವೆ, ತುಪ್ಪದಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಆದರೆ ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಗುವಿಗೆ ತುಪ್ಪವೂ ಅಪಾಯ ತರಬಹುದು. ಎರಡನ್ನೂ ಒಂದೇ ಎಂದು ತಿಳಿದು ಅಡುಗೆ ಮಾಡಿದರೆ ಒಬ್ಬರಿಗೆ ವೃಥಾ ಪಥ್ಯ, ಇನ್ನೊಬ್ಬರಿಗೆ ಆಸ್ಪತ್ರೆ.

ಈಗ ಒಲೆಯ ಬಳಿ ಬರೋಣ. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದರೊಳಗಿನ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಕೂಡಿ ಬಲೆಯಂತೆ ಹೆಣೆದುಕೊಳ್ಳುತ್ತವೆ. ಹುದುಗಿನಿಂದ ಹುಟ್ಟಿದ ಗಾಳಿ ಆ ಬಲೆಯಲ್ಲಿ ಸಿಕ್ಕಿಬಿದ್ದು ಬ್ರೆಡ್ಡು ಮೇಲೇಳುತ್ತದೆ. ಜೋಳದಲ್ಲೂ ಪ್ರೋಟೀನಿದೆ, ಆದರೆ ಅದು ನೀರನ್ನು ಹತ್ತಿರ ಸೇರಿಸದ ಜಾತಿಯದು, ಕಾಳಿನೊಳಗೆ ಬಿಗಿಯಾಗಿ ಮುದುಡಿಕೊಂಡೇ ಇರುತ್ತದೆ. ತಣ್ಣೀರು ಹಾಕಿ ಎಷ್ಟು ನಾದಿದರೂ ಜೋಳದ ಹಿಟ್ಟು ಬಿರಿಯುವುದು ಇದಕ್ಕೇ. ನಮ್ಮ ಕಡೆಯ ಅಡುಗೆಯವರು ಈ ತೊಡಕಿಗೆ ಕಂಡುಕೊಂಡ ಉಪಾಯ ಎಸರು. ಕುದಿಯುವ ನೀರು ಬಿದ್ದೊಡನೆ ಹಿಟ್ಟಿನ ಪಿಷ್ಟ ಉಬ್ಬಿ, ಒಡೆದು, ಅಂಟಾಗುತ್ತದೆ; ಜೋಳದ ಪಿಷ್ಟಕ್ಕೆ ಈ ಬದಲಾವಣೆಗೆ ಸುಮಾರು 70 ಡಿಗ್ರಿ ಶಾಖ ಬೇಕು, ಗೋಧಿಯ ಪಿಷ್ಟಕ್ಕಿಂತ ಸುಮಾರು ಹತ್ತು ಡಿಗ್ರಿ ಜಾಸ್ತಿ. ಹಿಟ್ಟಿನ ಒಂದು ಪಾಲು ಹೀಗೆ ಬೆಂದು ಉಳಿದ ಪಾಲನ್ನು ಹಿಡಿದುಕೊಳ್ಳುತ್ತದೆ. ಹಿಟ್ಟಿಗೆ ಜಿಗಿ ಬಂತು ಎನ್ನುವುದು ಇದನ್ನೇ. ಗೋಧಿಯಲ್ಲಿ ಪ್ರೋಟೀನು ಮಾಡುವ ಕೆಲಸವನ್ನು ಜೋಳದ ರೊಟ್ಟಿಯಲ್ಲಿ ಬೆಂದ ಪಿಷ್ಟ ಮಾಡುತ್ತದೆ. ಪೂರ್ವ ಏಷ್ಯಾದ ಬೇಕರಿಗಳಲ್ಲಿ ಬ್ರೆಡ್ಡು ಮೆತ್ತಗಾಗಲೆಂದು ಸ್ವಲ್ಪ ಹಿಟ್ಟನ್ನು ನೀರಿನಲ್ಲಿ ಗಂಜಿ ಮಾಡಿ ಕಣಕಕ್ಕೆ ಸೇರಿಸುವ ಪದ್ಧತಿಯಿದೆ, ಅದನ್ನು ಈಗಿನ ಅಡುಗೆ ಪುಸ್ತಕಗಳು ಬೆರಗಿನಿಂದ ಬಣ್ಣಿಸುತ್ತವೆ. ರೊಟ್ಟಿ ಬಡಿಯುವ ಮನೆಯಲ್ಲಿ ಅದು ದಿನದ ಕೆಲಸ.

ಹಂಚಿನ ಮೇಲಿನ ರೊಟ್ಟಿಯನ್ನು ಬೇಕಿಂಗ್ ಎನ್ನಬಹುದೆ ಎಂದು ಕೇಳುವವರಿದ್ದಾರೆ. ಒಣ ಶಾಖದಲ್ಲಿ ಹಿಟ್ಟನ್ನು ಬೇಯಿಸುವುದೇ ಬೇಕಿಂಗ್ ಆದರೆ ಅನ್ನಲೇಬೇಕು. ರೊಟ್ಟಿಯ ಮೇಲೆ ನೀರು ಸವರಿ, ಮಗುಚಿ, ಕೆಂಡಕ್ಕೆ ಒರಗಿಸಿದಾಗ ಎರಡೂ ಮೈ ಮುಚ್ಚಿಕೊಂಡು ಒಳಗಿನ ನೀರು ಹಬೆಯಾಗಿ ರೊಟ್ಟಿ ಉಬ್ಬುತ್ತದೆ. ಹುದುಗಿಲ್ಲದೆ, ಸೋಡಾ ಇಲ್ಲದೆ, ಬರೀ ಹಬೆಯಿಂದ ಉಬ್ಬಿಸುವ ಈ ವಿದ್ಯೆ ಪಫ್ಸಿನ ಪದರಗಳನ್ನು ಬಿಡಿಸುವ ವಿದ್ಯೆಯ ಹತ್ತಿರದ ನೆಂಟ. ಖಡಕ್ ರೊಟ್ಟಿಯಂತೂ ಬಿಸ್ಕತ್ತೇ ಸರಿ: ತೆಳುವಾಗಿ ಬಡಿದು, ನೀರು ಪೂರ್ತಿ ಆರುವ ತನಕ ಕಾಯಿಸಿ, ತಿಂಗಳುಗಟ್ಟಲೆ ಇಡುವ ತಿನಿಸು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿಗೆ ಮಾಡುವ ನಾಡಿನಲ್ಲಿ, ಎಳ್ಳು ಉದುರಿಸಿದ ವಿದೇಶಿ ಕ್ರ್ಯಾಕರ್ ಪೊಟ್ಟಣಕ್ಕೆ ನೂರಾರು ರೂಪಾಯಿ ತೆರುವುದು ನನಗೆ ವಿಚಿತ್ರವೆನಿಸುತ್ತದೆ.

ಇಲ್ಲಿ ಬೇಕಿಂಗಿನವರೇ ಗುಟ್ಟಾಗಿಟ್ಟಂತಿರುವ ಒಂದು ಸಂಗತಿಯನ್ನು ಹೇಳಬೇಕು. ಗ್ಲುಟೆನ್ ನಿಜವಾಗಿ ಬೇಕಾದುದು ಮುಖ್ಯವಾಗಿ ಬ್ರೆಡ್ಡಿಗೆ. ಕೇಕು, ಬಿಸ್ಕತ್ತು, ನಾನ್‌ಖಟಾಯಿ ಮಾಡುವವರು ಅದನ್ನು ಆದಷ್ಟು ಅಡಗಿಸಲು ನೋಡುತ್ತಾರೆ. ಕೇಕಿಗೆ ಪ್ರೋಟೀನು ಕಡಿಮೆಯಿರುವ ಮೈದಾ ಆರಿಸುವುದು, ಹಿಟ್ಟು ಬಿದ್ದ ಮೇಲೆ ಹೆಚ್ಚು ಕಲಕಬೇಡಿ ಎಂದು ಹೇಳುವುದು, ಬಿಸ್ಕತ್ತಿನ ಹಿಟ್ಟಿಗೆ ಮೊದಲು ಕೊಬ್ಬು ತಿಕ್ಕಿ ಆಮೇಲೆ ನೀರು ತೋರಿಸುವುದು, ಇವೆಲ್ಲ ಗ್ಲುಟೆನ್ ಹೆಣೆದುಕೊಂಡು ತಿನಿಸು ರಬ್ಬರಿನಂತಾಗದಿರಲಿ ಎಂದು. ಅಂದ ಮೇಲೆ ಗ್ಲುಟೆನ್ ಇಲ್ಲದ ಹಿಟ್ಟಿನಿಂದ ಇವನ್ನು ಮಾಡುವವರು ಕೊರತೆಯಿಂದಲ್ಲ, ಅನುಕೂಲದಿಂದಲೇ ಹೊರಡುತ್ತಾರೆ. ಜೋಳ, ನವಣೆ ಹಿಟ್ಟಿನ ಬಿಸ್ಕತ್ತು ಬಾಯಲ್ಲಿ ಪುಡಿಯಾಗುತ್ತದೆ, ಎಷ್ಟು ಕಲಸಿದರೂ ಗಟ್ಟಿಯಾಗುವುದಿಲ್ಲ. ಹೊಸಬರು ಸೋಲುವುದು ಬ್ರೆಡ್ಡಿನಿಂದ ಶುರು ಮಾಡಿದಾಗ. ಬಿಳಿ, ಮೆತ್ತನೆಯ, ಹೋಳು ಕತ್ತರಿಸಿದ ಬ್ರೆಡ್ಡನ್ನೇ ಜೋಳದಿಂದ ತೆಗೆಯುತ್ತೇನೆಂದು ಹಟ ಹಿಡಿದರೆ ಗೋಂದು, ಪಿಷ್ಟಗಳ ಡಬ್ಬಿಗಳು ಒಂದರ ಹಿಂದೊಂದು ಮನೆ ಸೇರುತ್ತವೆ. ಬಿಸ್ಕತ್ತಿನಿಂದ ಶುರು ಮಾಡಿ, ಕೇಕಿಗೆ ಬಂದು, ಬ್ರೆಡ್ಡನ್ನು ಕೊನೆಗಿಟ್ಟುಕೊಳ್ಳುವುದು ಜಾಣತನ.

ಆ ಬ್ರೆಡ್ಡಿಗೂ ನಮ್ಮಲ್ಲಿ ದಾರಿಯಿದೆ, ಅದು ಉದ್ದಿನ ಬೇಳೆಯ ದಾರಿ. ಗೋಧಿ ಇಲ್ಲದ, ಹಾಲಿಲ್ಲದ, ಆದರೂ ಹುದುಗಿನಿಂದ ಉಬ್ಬಿ ಹತ್ತಿಯಂತೆ ಮೆತ್ತಗಾಗುವ ತಿನಿಸನ್ನು ನಾವು ದಿನವೂ ತಿನ್ನುತ್ತೇವೆ, ಅದು ಇಡ್ಲಿ. ರುಬ್ಬಿದ ಉದ್ದಿನಲ್ಲಿರುವ ಲೋಳೆಯಂಥ ಅಂಶವೂ ಅದರ ಪ್ರೋಟೀನೂ ಸೇರಿ ಹುದುಗಿನ ಗಾಳಿಯನ್ನು ಹಿಡಿದಿಡುತ್ತವೆ; ಗಾಳಿಯನ್ನು ಹುಟ್ಟಿಸುವ ಬ್ಯಾಕ್ಟೀರಿಯಾ ಬೇಳೆಯ ಜೊತೆಗೇ ಬಂದಿರುತ್ತವೆ, ಹೊರಗಿನಿಂದ ಈಸ್ಟ್ ಹಾಕಬೇಕಿಲ್ಲ. ಈ ತಿನಿಸಿನ ಹೆಸರಿನ ಹಳಮೆಯೂ ಕಡಿಮೆಯದಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ ಸುಮಾರು 1130ರ ಹೊತ್ತಿಗೆ, ಉದ್ದಿನಿಂದ ಮಾಡುವ ಇಡ್ಡರಿಕೆಯ ವಿವರವಿದೆ. ಆ ಕಾಲದ ಇಡ್ಡಲಿಗೆಯಲ್ಲಿ ಅಕ್ಕಿಯ ಸುದ್ದಿ ಇಲ್ಲ, ಪೂರ್ತಿ ಉದ್ದೇ. ಈಗ ಬ್ರೆಡ್ಡಿನ ಅಳತೆ: ಒಂದು ಪಾಲು ಉದ್ದು, ಮೂರು ಪಾಲು ಸಾಮೆ ಅಥವಾ ನವಣೆಯ ಅಕ್ಕಿಯನ್ನು ನೆನೆಸಿ, ಉದ್ದನ್ನು ನುಣ್ಣಗೆ, ಧಾನ್ಯವನ್ನು ತುಸು ತರಿಯಾಗಿ ರುಬ್ಬಿ, ರಾತ್ರಿಯಿಡೀ ಹುದುಗಿಸಿ, ಎರಡು ಚಮಚ ಶೇಂಗಾ ಎಣ್ಣೆ ಸೇರಿಸಿ, ಎಣ್ಣೆ ಸವರಿದ ಉದ್ದ ಡಬ್ಬಿಗೆ ಅರ್ಧಕ್ಕಿಂತ ತುಸು ಹೆಚ್ಚು ಸುರಿದು ಒವನ್ನಿನಲ್ಲಿ 180 ಡಿಗ್ರಿಗೆ ಮುಕ್ಕಾಲು ಗಂಟೆ ಬೇಯಿಸಿದರೆ ಕತ್ತರಿಸಲು ಬರುವ ಬ್ರೆಡ್ಡಾಗುತ್ತದೆ. ಮೈದಾ ಬ್ರೆಡ್ಡಿನ ಎಳೆಎಳೆಯಾದ ಮೈ ಇದಕ್ಕೆ ಬರುವುದಿಲ್ಲ. ಹಂಚಿಗೆ ಹಾಕಿ ಕೆಂಪಗೆ ಮಾಡಿ ಶೇಂಗಾ ಚಟ್ನಿ ಹಚ್ಚಿಕೊಂಡರೆ ಆ ಎಳೆ ಬೇಕೆನಿಸುವುದೂ ಇಲ್ಲ.

ಕೇಕಿನ ವಿಷಯಕ್ಕೆ ಬಂದರೆ, ಒಂದು ಉದಾಹರಣೆಯನ್ನು ಅದರ ಕಾರಣಗಳ ಸಮೇತ ಬಿಡಿಸಿ ಹೇಳುತ್ತೇನೆ, ಕಾರಣ ಗೊತ್ತಾದರೆ ಅಳತೆಯನ್ನು ಅವರವರೇ ಬದಲಿಸಿಕೊಳ್ಳಬಹುದು. ಮೊದಲು 30 ಗ್ರಾಂ ಜೋಳದ ಹಿಟ್ಟನ್ನು 150 ಮಿಲಿ ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಗಂಜಿ ಮಾಡಿ ಆರಲು ಬಿಡಬೇಕು. ಇದು ರೊಟ್ಟಿಯ ಎಸರಿನ ಜಾಗದಲ್ಲಿ ನಿಲ್ಲುತ್ತದೆ. ಒಂದು ದೊಡ್ಡ ಚಮಚ ಅಗಸಿ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಲೋಳೆ ಬಿಡುತ್ತದೆ, ಅದು ಒಂದು ಮೊಟ್ಟೆಯ ಬದಲಿಗೆ. ಚೆನ್ನಾಗಿ ಕಳಿತ ಎರಡು ಬಾಳೆಹಣ್ಣು ಕಿವುಚಿ, 80 ಗ್ರಾಂ ಬೆಲ್ಲ, 50 ಮಿಲಿ ಶೇಂಗಾ ಎಣ್ಣೆ, ಮೇಲಿನ ಗಂಜಿ, ಅಗಸಿ ಲೋಳೆ ಎಲ್ಲವನ್ನೂ ಕೂಡಿಸಬೇಕು. ಅದಕ್ಕೆ 150 ಗ್ರಾಂ ನವಣೆ ಹಿಟ್ಟು, ಹುರಿದು ಸಿಪ್ಪೆ ತೆಗೆದ 50 ಗ್ರಾಂ ಶೇಂಗಾ ಪುಡಿ, ಚಿಟಿಕೆ ಉಪ್ಪು. ಇಷ್ಟಾದ ಮೇಲೆ ಅರ್ಧ ಗಂಟೆ ಸುಮ್ಮನೆ ಇಡಬೇಕು. ಸಿರಿಧಾನ್ಯದ ಕೇಕು ಮರಳು ತಿಂದಂತಿದೆ ಎಂಬ ದೂರು ಬರುವುದು ಈ ಅರ್ಧ ಗಂಟೆಯನ್ನು ಕದ್ದಾಗ. ಹಿಟ್ಟಿನ ತರಿ ನೀರು ಕುಡಿಯಲು ಸಮಯ ಬೇಕು. ಕೊನೆಯಲ್ಲಿ ಅರ್ಧ ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ ತಡಮಾಡದೆ ಒವನ್ನಿಗಿಡಬೇಕು, ಏಕೆಂದರೆ ಹುಳಿ ತಾಗಿದ ಕ್ಷಣದಿಂದಲೇ ಗಾಳಿ ಹೊರಡುತ್ತದೆ, ಅದನ್ನು ಹಿಡಿದಿಡುವ ಬಲೆ ಇಲ್ಲಿ ದುರ್ಬಲ. 180 ಡಿಗ್ರಿಯಲ್ಲಿ ನಲವತ್ತೈದು ನಿಮಿಷ. ಒವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಮರಳು ಹರವಿ, ಮುಚ್ಚಿ ಕಾಯಿಸಿ, ಒಳಗೆ ಸ್ಟ್ಯಾಂಡಿನ ಮೇಲೆ ಡಬ್ಬಿ ಇಡಬಹುದು. ದಿನಬಳಕೆಯ ಕುಕ್ಕರನ್ನು ನೀರಿಲ್ಲದೆ ಕಾಯಿಸಿದರೆ ಪಾತ್ರೆಯೂ ರಬ್ಬರೂ ಕೆಡುತ್ತವೆ, ಅದನ್ನು ಮುಟ್ಟದಿರುವುದು ಒಳ್ಳೆಯದು. ಬೆಂದ ಕೇಕನ್ನು ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು. ಬಿಸಿಯಲ್ಲಿ ಪಿಷ್ಟ ಇನ್ನೂ ಗಟ್ಟಿಗೊಂಡಿರುವುದಿಲ್ಲ, ಮುರಿದು ಪುಡಿಯಾಗುತ್ತದೆ.

ಇದರಲ್ಲಿ ಹಾಲು ಬೆಣ್ಣೆಗಳ ಕೊರತೆ ಎಲ್ಲಿ ಕಾಣುತ್ತದೆ? ಹಾಲು ಕೇಕಿಗೆ ಕೊಡುವುದು ತೇವ, ಮೆದುತನ, ಮೇಲಿನ ಕಂದು ಬಣ್ಣ. ಆ ಬಣ್ಣ ಹುಟ್ಟುವುದು ಪ್ರೋಟೀನು ಮತ್ತು ಸಕ್ಕರೆ ಶಾಖದಲ್ಲಿ ಕೂಡಿದಾಗ. ಶೇಂಗಾದ ಪ್ರೋಟೀನು, ಬೆಲ್ಲದ ಸಕ್ಕರೆ ಅದನ್ನು ಧಾರಾಳವಾಗಿ ಕೊಡುತ್ತವೆ. ಬೆಣ್ಣೆಯ ಕೆಲಸ ಬಿಸ್ಕತ್ತಿನಲ್ಲಿ ಹೆಚ್ಚು, ಅಲ್ಲಿ ಗಟ್ಟಿ ಕೊಬ್ಬು ಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ; ಹಾವೇರಿಯ ಬೇಸಿಗೆಯಲ್ಲಿ ಅದು ನೀರಾಗಿಯೇ ಇರುವುದರಿಂದ ಫ್ರಿಜ್ಜಿನಲ್ಲಿಟ್ಟು ಬಳಸಬೇಕು. ಅದು ಪರ್ಯಾಪ್ತ ಕೊಬ್ಬು, ಬೆಣ್ಣೆಗಿಂತ ಹೃದಯಕ್ಕೆ ಮೇಲು ಎಂದು ಹೇಳಲಾಗದು. ಅದಕ್ಕೇ ನನ್ನ ಒಲವು ಅರೆದ ಶೇಂಗಾ ಅಥವಾ ಎಳ್ಳಿನ ಮುದ್ದೆಯ ಕಡೆಗೆ. ಎಣ್ಣೆಯೂ ನಾರೂ ಒಟ್ಟಿಗಿರುವ ಆ ಮುದ್ದೆಯಿಂದ, ಜೋಳದ ಹಿಟ್ಟು, ಉಪ್ಪು, ಜೀರಿಗೆ, ಬ್ಯಾಡಗಿ ಮೆಣಸಿನ ಪುಡಿ ಸೇರಿಸಿ ಮಾಡಿದ ಖಾರದ ಬಿಸ್ಕತ್ತಿಗೆ ಬೇಕರಿಯ ಬಣ್ಣದ ಹಂಗಿಲ್ಲ. ಬ್ಯಾಡಗಿ ಮೆಣಸು ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, ಮಕ್ಕಳೂ ತಿನ್ನಬಲ್ಲರು. ಶೇಂಗಾಕ್ಕೇ ಅಲರ್ಜಿ ಇರುವವರು ಎಳ್ಳು ಅಥವಾ ಸೂರ್ಯಕಾಂತಿ ಬೀಜಕ್ಕೆ ಹೋಗಬೇಕಾಗುತ್ತದೆ, ಎಳ್ಳೂ ಕೆಲವರಿಗೆ ಆಗುವುದಿಲ್ಲ ಎಂಬುದು ನೆನಪಿರಲಿ.

ಆರೋಗ್ಯದ ಮಾತನ್ನು ಈಗ ತೂಗಿ ನೋಡಬೇಕು, ಏಕೆಂದರೆ ಈ ಹೆಸರಿನಲ್ಲಿ ಬಹಳ ಸುಳ್ಳು ಮಾರಾಟವಾಗುತ್ತಿದೆ. ಗ್ಲುಟೆನ್ ಇಲ್ಲ ಎಂದರೆ ಆರೋಗ್ಯಕರ ಎಂದರ್ಥವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಮಿಗೂ ಕಡಿಮೆ; ಪಾಲಿಶ್ ಅಕ್ಕಿಯಲ್ಲೂ ಅಷ್ಟೇ. ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ. ಅಂಗಡಿಯಲ್ಲಿ ಸಿಗುವ ಗ್ಲುಟೆನ್‌ರಹಿತ ಬ್ರೆಡ್ಡು ಬಿಸ್ಕತ್ತುಗಳು ಬಹುಪಾಲು ಅಕ್ಕಿ ಹಿಟ್ಟು, ಮರಗೆಣಸು, ಆಲೂಗಡ್ಡೆ ಪಿಷ್ಟಗಳವು, ಅಂದರೆ ಮೈದಾದ ಜಾಗಕ್ಕೆ ಮೈದಾದಷ್ಟೇ ಬಡವಾದ ಇನ್ನೊಂದು ಹಿಟ್ಟು. ಅವನ್ನು ತಿಂದವರಿಗೆ ಕಾಯಿಲೆಯ ಕಾಟ ತಪ್ಪೀತು, ಪೋಷಣೆ ಸಿಗದು. ಜೋಳ, ಸಜ್ಜೆ ಬಳಸಿದಾಗ ಎರಡೂ ಸಾಧ್ಯ ಎಂಬುದೇ ಸ್ಥಳೀಯ ಧಾನ್ಯದ ಪರವಾದ ಗಟ್ಟಿ ವಾದ. ಆದರೆ ಬೆಲ್ಲ ಹಾಕಿದ್ದರಿಂದ ಕೇಕು ಔಷಧಿಯಾಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡಾ 10ನ್ನು ಮೀರಬಾರದು, 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಆ 5 ಎಂದರೆ ಸುಮಾರು 25 ಗ್ರಾಂ. ಮೇಲೆ ಹೇಳಿದ ಕೇಕನ್ನು ಎಂಟು ಹೋಳು ಮಾಡಿದರೆ ಒಂದು ಹೋಳಿಗೆ 10 ಗ್ರಾಂ ಬೆಲ್ಲ. ಒಂದು ಹೋಳು ಸರಿ, ನಾಲ್ಕು ಹೋಳು ಯಾವ ಧಾನ್ಯದ್ದಾದರೂ ಹೆಚ್ಚೇ.

ಹಾಲು ಬಿಟ್ಟರೆ ಸುಣ್ಣದ ಅಂಶ ಎಲ್ಲಿಂದ ಬರಬೇಕು ಎಂಬುದು ನ್ಯಾಯವಾದ ಪ್ರಶ್ನೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಎಳ್ಳಿನಲ್ಲಿ ಇವೆರಡಕ್ಕಿಂತ ಎಷ್ಟೋ ಜಾಸ್ತಿ. ಅಂಕಿಯನ್ನಷ್ಟೇ ನೋಡಿ ಹಿಗ್ಗುವಂತಿಲ್ಲ. ರಾಗಿಯ ಫೈಟೇಟ್, ಎಳ್ಳಿನ ಆಕ್ಸಲೇಟ್ ಆ ಸುಣ್ಣವನ್ನು ಹಿಡಿದುಕೊಂಡು ದೇಹಕ್ಕೆ ಪೂರ್ತಿ ಬಿಡುವುದಿಲ್ಲ. ನೆನೆಸುವುದು, ಮೊಳಕೆ ಕಟ್ಟಿಸುವುದು, ಹುದುಗಿಸುವುದು ಫೈಟೇಟನ್ನು ಕುಗ್ಗಿಸುತ್ತವೆ. ರಾಗಿ ಕೇಕಿಗೆ ಮೊಳಕೆಯ ಹಿಟ್ಟನ್ನೇ ಬಳಸುವುದು ಇದಕ್ಕಾಗಿ. ಅದರಲ್ಲಿ ಸಿಹಿ ತಾನಾಗಿ ಹುಟ್ಟಿರುವುದರಿಂದ ಬೆಲ್ಲವನ್ನೂ ತಗ್ಗಿಸಬಹುದು. ಬೆಳೆಯುವ ಮಕ್ಕಳಿಗೆ ಹಾಲನ್ನು ಪೂರ್ತಿ ನಿಲ್ಲಿಸುವ ಮನೆಯವರು ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು, ಕೇಕಿನ ರಾಗಿ ಆ ಹೊಣೆಯನ್ನು ಹೊರಲಾರದು. ರಾಗಿಯ ಬಾಳಿಕೆಯ ಮಾತಿಗೆ ಬಂದರೆ, ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿ ರಾಗಿಗಳ ಜಗಳವನ್ನು ರಾಮನ ಮುಂದಿಟ್ಟರು. ಆರು ತಿಂಗಳ ಸೆರೆಯಲ್ಲಿ ಅಕ್ಕಿ ಕೆಟ್ಟು ರಾಗಿ ಉಳಿಯಿತು. ಅದು ಬಡವರ ಧಾನ್ಯದ ಮಾನದ ಕತೆ, ಜೊತೆಗೆ ಕಣಜ ಕಂಡವರ ಅನುಭವದ ಮಾತೂ ಹೌದು. ಆದರೆ ಕಾಳಿಗೆ ಇರುವ ಬಾಳಿಕೆ ಹಿಟ್ಟಿಗಿಲ್ಲ. ಸಜ್ಜೆ ಹಿಟ್ಟಂತೂ ಬೇಗ ಕಹಿಯಾಗುತ್ತದೆ, ಬೀಸಿದೊಡನೆ ಅದರ ಎಣ್ಣೆ ಒಡೆಯಲು ಶುರುವಾಗುತ್ತದೆ. ಹಳೆಯ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಕೇಕಿಗೂ ಅದೇ ನಿಯಮ, ವಾರಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳಬೇಕು.

ಬೆಳೆಯ ಕಡೆಯಿಂದಲೂ ಒಂದು ಆಕ್ಷೇಪ ಬರುತ್ತದೆ. ಹೊಲದಲ್ಲಿ ಈಗ ಜೋಳ, ನವಣೆ ಎಲ್ಲಿದೆ, ಕಣ್ಣು ಹಾಯಿಸಿದಷ್ಟೂ ಗೋವಿನಜೋಳ, ಹತ್ತಿ ಎನ್ನುತ್ತಾರೆ. ನಿಜ. ಆದರೆ ಗೋವಿನಜೋಳವೂ ಗ್ಲುಟೆನ್ ಇಲ್ಲದ ಧಾನ್ಯವೇ, ಅಮೆರಿಕದ ದಕ್ಷಿಣ ರಾಜ್ಯಗಳ ಜನ ಅದರಿಂದಲೇ ಬ್ರೆಡ್ಡು ಮಾಡುತ್ತಾರೆ. ನಾವು ಅದನ್ನು ಬೆಳೆದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಕಳಿಸುತ್ತೇವೆ, ನಮ್ಮ ತಟ್ಟೆಗೆ ಬರಗೊಡುವುದು ಕಡಿಮೆ. ಸಿರಿಧಾನ್ಯದ ತಳಿಗಳಿಗಾಗಿ ದೂರ ಹೋಗಬೇಕಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೇಂದ್ರದಲ್ಲಿ ಸಣ್ಣ ಧಾನ್ಯಗಳ ಮೇಲೆ ಕೆಲಸ ನಡೆದಿದೆ, ಡಿ.ಎಚ್.ಎಲ್.ಎಂ. 36-3 ಎಂಬ ಸಾಮೆಯ ತಳಿಯ ಹೆಸರಿನಲ್ಲೇ ಧಾರವಾಡ, ಹನುಮನಮಟ್ಟಿ ಎರಡೂ ಊರುಗಳಿವೆ. ಭಾರತದ ಪ್ರಸ್ತಾಪದಿಂದ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪೊಟ್ಟಣಗಳು ಬಹಳ ಬಂದವು. ಅವುಗಳಲ್ಲಿ ಕೆಲವು ಬಿಸ್ಕತ್ತುಗಳ ಹಿಂಬದಿ ಓದಿದರೆ ಮೊದಲ ಹೆಸರು ಗೋಧಿ, ರಾಗಿಯ ಪಾಲು ನಾಮಕಾವಸ್ತೆ.

ಕೊನೆಯದಾಗಿ, ಸೀಲಿಯಾಕ್ ಇರುವವರ ಮನೆಗೆ ಮಾತ್ರ ಸಂಬಂಧಿಸಿದ, ಆದರೆ ಅವರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಧಾನ್ಯ ಶುದ್ಧವಾಗಿದ್ದರೆ ಸಾಲದು, ದಾರಿಯೂ ಶುದ್ಧವಾಗಿರಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಊರ ಗಿರಣಿಯಲ್ಲಿ ಒಬ್ಬರ ಗೋಧಿ ಇಳಿಯುತ್ತಿದ್ದಂತೆ ಅದೇ ಕಲ್ಲಿಗೆ ಇನ್ನೊಬ್ಬರ ಜೋಳ ಬೀಳುತ್ತದೆ. ಮೊದಲ ಒಂದೆರಡು ಸೇರು ಹಿಟ್ಟು ಬೇರೆ ತೆಗೆಸಿದರೂ, ಬೆಳಗಿನ ಮೊದಲ ಪಾಳಿಯಲ್ಲೇ ಬೀಸಿಸಿದರೂ ನಿನ್ನೆಯ ಗೋಧಿಯ ಧೂಳು ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಕೊಳವೆಯಲ್ಲಿ ಉಳಿದೇ ಇರುತ್ತದೆ. ಅಂಗಡಿಯ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಖಾರದ ಬಿಸ್ಕತ್ತಿಗೆ ಅದನ್ನು ಹಾಕುವ ಮುಂಚೆ ಡಬ್ಬಿ ಓದಬೇಕು. ಸದಕದ ಗೋಧಿ ಹಳೆಯ ತಳಿ, ಅದು ಆಗುತ್ತದೆ ಎಂಬ ನಂಬಿಕೆಯೂ ಇದೆ; ಅದು ಸಕ್ಕರೆ ಕಾಯಿಲೆಯವರಿಗೆ ಎಷ್ಟು ಒಳ್ಳೆಯದೋ ಬೇರೆ ಮಾತು, ಸೀಲಿಯಾಕಿನವರಿಗೆ ಅದೂ ಗೋಧಿಯೇ. ನಾಗರ ಪಂಚಮಿಯ ಅಳ್ಳಿಟ್ಟಿಗೂ ಗೋಧಿ ಬೆರೆಸುವ ಮನೆಗಳಿವೆ, ಕೇಳಿ ತಿನ್ನಬೇಕು. ಇಂಥ ಮನೆಯವರು ಧಾನ್ಯವನ್ನು ಕಾಳಾಗಿಯೇ ಕೊಂಡು, ಗೋಧಿ ಕಾಳು ಬೆರೆತಿಲ್ಲವೆಂದು ಮೊರದಲ್ಲಿ ಆರಿಸಿ, ತೊಳೆದು ಒಣಗಿಸಿ, ಬೇರೆ ಯಾವುದಕ್ಕೂ ಮುಟ್ಟದ ಮಿಕ್ಸರ್ ಜಾರಿನಲ್ಲಿ ಬೀಸಿಕೊಳ್ಳುವುದು ಕ್ಷೇಮ. ಮಿಕ್ಸರಿನ ಹಿಟ್ಟು ತುಸು ತರಿಯಾಗಿರುತ್ತದೆ. ನವಣೆ, ಸಾಮೆಯಂಥ ಸಣ್ಣ ಕಾಳಾದರೆ ಎರಡು ಸಲ ತಿರುಗಿಸಿ ಜರಡಿ ಹಿಡಿದರೆ ಕೇಕಿಗೆ ಆಗುತ್ತದೆ, ಜೋಳಕ್ಕಾದರೆ ಬಿಟ್ಟೂ ಬಿಟ್ಟೂ ಬೀಸಬೇಕು, ಜಾರು ಬಿಸಿಯಾದರೆ ಹಿಟ್ಟಿನ ಜಿಗಿ ಹೋಗುತ್ತದೆ. ಜರಡಿಯೂ ಬೇರೆಯದೇ ಇರಲಿ, ಮೈದಾ ಜರಡಿಯ ತಂತಿಯಲ್ಲಿ ಸಿಕ್ಕ ಹಿಟ್ಟನ್ನು ಎಷ್ಟು ಕೊಡವಿದರೂ ಬಿಡಿಸಲಾಗುವುದಿಲ್ಲ.